ಮೂರು ಎಂಬ ದೊಡ್ಡ ಸಂಖ್ಯೆ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನದ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿದಾಗ ಇಸ್ರೊದ ಯೂಟ್ಯೂಬ್ ಲೈವ್ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಪರದೆಗಳಲ್ಲಿ ಓಡುತ್ತಿತ್ತು. ಒಂದೊಂದು ಪರದೆಯ ಮುಂದೆ ಎಷ್ಟು ಜನ ಇದ್ದರೋ ಅದು ಯಾರ ಲೆಕ್ಕಕ್ಕೂ ಸಿಗದು. ಶಾಲೆಯ ಸಭಾಂಗಣದಲ್ಲಿ ಮುನ್ನೂರು ಮಕ್ಕಳು ಕೂತು ನೋಡಿದ್ದರೂ ಯೂಟ್ಯೂಬ್ ಪಾಲಿಗೆ ಅದು ಒಂದೇ. ಬೆಂಗಳೂರಿನ ಪೀಣ್ಯದಲ್ಲಿ ವಿಜ್ಞಾನಿಗಳು ಕಂಪ್ಯೂಟರ್ ನೋಡುತ್ತಾ ಕೂತಿದ್ದರು, ಊರಿಗೆ ಊರೇ ಅವರನ್ನು ನೋಡುತ್ತಾ ಕೂತಿತ್ತು.

ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡೋಣ. ಹೊಸದಾಗಿ ಚಾನೆಲ್ ತೆರೆದವರಿಗೆ ಜಾಹೀರಾತಿನ ದುಡ್ಡಿನಲ್ಲಿ ಪಾಲು ಬೇಕಿದ್ದರೆ ಯೂಟ್ಯೂಬ್ 2018ರಿಂದ ಹಾಕಿರುವ ಶರತ್ತು ಎರಡು: ಒಂದು ಸಾವಿರ ಸಬ್‌ಸ್ಕ್ರೈಬರ್‌ಗಳಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು. ಚಂದ್ರಯಾನದ ಆ ಸಂಜೆ ಜನ 4,000 ಗಂಟೆ ನೋಡಿ ಮುಗಿಸಲು ಹಿಡಿದ ಸಮಯ ಎರಡು ಸೆಕೆಂಡಿಗೂ ಕಡಿಮೆ. ಅದೇ ವರ್ಷ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ನಡೆದಾಗ ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ 5.9 ಕೋಟಿ ವೀಕ್ಷಕರಿದ್ದರು. ಅಲ್ಲಿ 4,000 ಗಂಟೆ ತುಂಬಲು ಕಾಲು ಸೆಕೆಂಡು ಸಾಕಾಯಿತು, ರೆಪ್ಪೆ ಬಡಿದಷ್ಟು ಹೊತ್ತು.

ಇನ್ನು ದಿನಾ ರಾತ್ರಿ ಎರಡು ಗಂಟೆ ಲೈವ್ ಮಾಡುವ, ಸರಾಸರಿ ಮೂವರು ವೀಕ್ಷಕರಿರುವ ಹುಡುಗನನ್ನು ತೆಗೆದುಕೊಳ್ಳಿ. ದಿನಕ್ಕೆ ಆರು ಗಂಟೆ ಕೂಡುತ್ತದೆ. 4,000 ಮುಟ್ಟಲು ಒಂದು ದಿನವೂ ತಪ್ಪಿಸದೆ 667 ದಿನ ಬೇಕು. ಅಂದರೆ ಅವನು ಎಂದೂ ಮುಟ್ಟುವುದಿಲ್ಲ, ಏಕೆಂದರೆ ಹನ್ನೆರಡು ತಿಂಗಳು ದಾಟಿದ ಗಂಟೆಗಳು ಹಿಂದಿನಿಂದ ಉದುರುತ್ತಾ ಹೋಗುತ್ತವೆ.

ಇಷ್ಟು ಕೇಳಿದರೆ ಯಾರಿಗಾದರೂ ಕೈಕಾಲು ತಣ್ಣಗಾಗುತ್ತದೆ. ಲೈವ್ ಶುರು ಮಾಡಿದ ನಾಲ್ಕೇ ವಾರಕ್ಕೆ ಕೈಬಿಡುವವರೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿ ಬಿಡುತ್ತಾರೆ. ನನ್ನ ತಕರಾರು ಇರುವುದು ಆ ಲೆಕ್ಕ ಹಾಕುವ ಬಗೆಯ ಮೇಲೆ.

ಮೊದಲು ಸಮುದ್ರದ ಆಳ ನೋಡಿಕೊಳ್ಳೋಣ. ಯೂಟ್ಯೂಬಿಗೆ ಪ್ರತಿ ನಿಮಿಷ 500 ಗಂಟೆಗೂ ಹೆಚ್ಚಿನ ವಿಡಿಯೊ ಬಂದು ಬೀಳುತ್ತದೆ ಎಂದು ಕಂಪನಿಯೇ ಹೇಳಿಕೊಂಡು ಬಂದಿದೆ. ಒಂದು ದಿನಕ್ಕೆ 7 ಲಕ್ಷ 20 ಸಾವಿರ ಗಂಟೆ. ನಿದ್ದೆ ಊಟ ಬಿಟ್ಟು ನೋಡುತ್ತಾ ಕೂತರೂ ಒಂದು ದಿನದ ಸರಕು ಮುಗಿಸಲು 82 ವರ್ಷ ಬೇಕು. ಒಂದು ತುಂಬು ಆಯುಸ್ಸು. ಹಾಗೆಯೇ ಜಗತ್ತು ಯೂಟ್ಯೂಬ್ ನೋಡುವ ಹೊತ್ತು ದಿನಕ್ಕೆ 100 ಕೋಟಿ ಗಂಟೆ ದಾಟಿದೆ ಎಂದು 2017ರಲ್ಲೇ ಪ್ರಕಟಿಸಿದ್ದರು. ವರ್ಷಕ್ಕೆ ಇಳಿಸಿದರೆ 1 ಲಕ್ಷ 14 ಸಾವಿರ ವರ್ಷ, ಒಂದೇ ದಿನದಲ್ಲಿ.

ಎರಡನ್ನೂ ಭಾಗಿಸಿದರೆ ಬಂದು ಬೀಳುವ ಪ್ರತಿ ಒಂದು ಗಂಟೆಗೆ ಸುಮಾರು 1,400 ಗಂಟೆಯ ವೀಕ್ಷಣೆ ಸಿಗುತ್ತದೆ. ವರ್ಷಗಳು ಬೇರೆ ಬೇರೆಯಾದ್ದರಿಂದ ಇದು ಒರಟು ಲೆಕ್ಕವೇ. ಆದರೂ ಕೇಳಲು ಎಷ್ಟು ಹಿತ! ತಲೆಗೆ 1,400 ಜನ. ಏನೂ ಮಾಡದೆ ಸುಮ್ಮನೆ ವಿಡಿಯೊ ಹಾಕಿದರೂ ಸಿಗಬೇಕಾದ ಪಾಲು ಎನಿಸುತ್ತದೆ. ಸರಾಸರಿಯ ಮೋಸ ಇರುವುದು ಇಲ್ಲೇ.

ನಿಜ ಸಂಗತಿ ಏನೆಂದು ತಿಳಿಯಲು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಈಥನ್ ಜುಕರ್‌ಮನ್ ಮತ್ತು ಸಂಗಡಿಗರು ಮಾಡಿದ ಕೆಲಸ ನನಗೆ ಈ ಇಡೀ ವ್ಯವಹಾರದಲ್ಲೇ ಅತ್ಯಂತ ಸೋಜಿಗದ್ದಾಗಿ ಕಾಣುತ್ತದೆ. ಪ್ರತಿ ಯೂಟ್ಯೂಬ್ ವಿಡಿಯೊಗೂ ಹನ್ನೊಂದು ಅಕ್ಷರದ ಒಂದು ಗುರುತು ಇರುತ್ತದೆ, ಲಿಂಕಿನ ಕೊನೆಯಲ್ಲಿ ಅರ್ಥವಿಲ್ಲದ ಅಕ್ಷರ–ಅಂಕಿಗಳ ಸಾಲು ಕಾಣುತ್ತದಲ್ಲ, ಅದು. ಅಂಥ ಗುರುತುಗಳು ಒಟ್ಟು 2ರ 64ನೇ ಘಾತದಷ್ಟು ಸಾಧ್ಯ: 18ರ ಮುಂದೆ ಹದಿನೆಂಟು ಸೊನ್ನೆ ಹಾಕಿದರೂ ಇನ್ನಷ್ಟು ಉಳಿಯುತ್ತದೆ. ಯೂಟ್ಯೂಬಿನ ಹುಡುಕುವ ಪೆಟ್ಟಿಗೆಗೆ ಏನು ಕೊಟ್ಟರೂ ಅದು ಜನಪ್ರಿಯವಾದದ್ದನ್ನೇ ಮೇಲೆ ತೇಲಿಸುತ್ತದೆ. ಆದ್ದರಿಂದ ಈ ಸಂಶೋಧಕರು ಹುಡುಕುವುದನ್ನೇ ಬಿಟ್ಟು, ಕಂಪ್ಯೂಟರಿನಿಂದ ಕುರುಡು ಗುರುತುಗಳನ್ನು ಹುಟ್ಟಿಸಿ ಒಂದೊಂದನ್ನೂ ತಟ್ಟಿ ನೋಡಿದರು. ಕುಡಿದವನು ಕೈಗೆ ಬಂದ ನಂಬರಿಗೆ ಫೋನ್ ಹಚ್ಚಿದ ಹಾಗೆ ಎಂದು ಅವರೇ ತಮಾಷೆಯಾಗಿ ಅದಕ್ಕೆ ಹೆಸರಿಟ್ಟರು. ಸುಮಾರು 187 ಕೋಟಿ ಸಲ ತಟ್ಟಿದರೆ ಒಂದು ಕಡೆ ಬಾಗಿಲು ತೆರೆಯುತ್ತಿತ್ತು, ಒಂದು ವಿಡಿಯೊ ಸಿಗುತ್ತಿತ್ತು. ಹೀಗೆ 18 ಲಕ್ಷ ಕೋಟಿಗೂ ಮೀರಿ ತಟ್ಟಿ ಹತ್ತು ಸಾವಿರ ವಿಡಿಯೊಗಳನ್ನು ಕೂಡಿಹಾಕಿದರು. ಎಷ್ಟು ಸಲಕ್ಕೆ ಒಂದು ಸಿಕ್ಕಿತು ಎಂಬುದರಿಂದಲೇ 2022ರ ಕೊನೆಯ ಹೊತ್ತಿಗೆ ಯೂಟ್ಯೂಬಿನಲ್ಲಿ ಒಟ್ಟು ಸುಮಾರು ಒಂದು ಸಾವಿರ ಕೋಟಿ ವಿಡಿಯೊಗಳಿವೆ ಎಂದು ಅಂದಾಜಿಸಿದರು. 2025ರ ಏಪ್ರಿಲ್‌ನಲ್ಲಿ, ಇಪ್ಪತ್ತನೇ ಹುಟ್ಟುಹಬ್ಬಕ್ಕೆ, ಯೂಟ್ಯೂಬೇ ಬಾಯಿಬಿಟ್ಟು ಎರಡು ಸಾವಿರ ಕೋಟಿ ಎಂದಿತು.

ಆ ಹತ್ತು ಸಾವಿರ ವಿಡಿಯೊಗಳನ್ನು ವ್ಯೂಸ್ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ನೋಡಿದರೆ ಅದನ್ನು ನೋಡಿದವರು ಸುಮಾರು 40. ಹದಿನಾಲ್ಕು ನೂರಲ್ಲ, ನಲವತ್ತು. ಅದೂ ಹಾಕಿದಂದಿನಿಂದ ಆವತ್ತಿನವರೆಗೆ ಒಟ್ಟು. ಮದುವೆ ಮನೆಯ ಒಂದು ಪಂಕ್ತಿಯೂ ತುಂಬುವುದಿಲ್ಲ. ನೂರರಲ್ಲಿ ನಾಲ್ಕನ್ನು ಒಬ್ಬರೂ ನೋಡಿರಲಿಲ್ಲ. ಆ ಪ್ರಮಾಣವೇ ಈಗಲೂ ಇದ್ದರೆ ಯಾರೂ ನೋಡದ ವಿಡಿಯೊಗಳೇ 80 ಕೋಟಿ ಬಿದ್ದಿವೆ. ನೂರರಲ್ಲಿ 89ಕ್ಕೆ ಒಂದು ಲೈಕೂ ಇಲ್ಲ.

ಆದ್ದರಿಂದ ಹೊಸಬನೊಬ್ಬ ತನ್ನ ಚಾನೆಲ್ ನೋಡಿ ‘ಯಾಕೋ ನನ್ನದು ಓಡ್ತಾನೇ ಇಲ್ಲ’ ಎಂದರೆ, ಅವನು ಹೋಲಿಸಿಕೊಳ್ಳುತ್ತಿರುವುದು ಹುಡುಕುವ ಪೆಟ್ಟಿಗೆ ಮೇಲೆ ತೇಲಿಸಿದವರ ಜೊತೆ ಎಂದೇ ಅರ್ಥ. ತಳದಲ್ಲಿರುವ ಸಾವಿರಾರು ಕೋಟಿ ಅವನ ಕಣ್ಣಿಗೆ ಬೀಳುವ ಅವಕಾಶವೇ ಇಲ್ಲ. ನೂರೈವತ್ತು ಜನ ನೋಡಿದ ವಿಡಿಯೊ ಅವನಿಗೆ ನಾಚಿಕೆಗೇಡು. ಜುಕರ್‌ಮನ್ ಸಾಲಿನಲ್ಲಿ ಅದು ನಡುವಿನದನ್ನು ಬಹಳ ಹಿಂದೆ ಬಿಟ್ಟು ಮುಂದೆ ಬಂದದ್ದು.

ಶಿವಮೊಗ್ಗದಲ್ಲಿರುವ ನನ್ನ ಅಕ್ಕನ ಮಗ ರಾತ್ರಿ ಹತ್ತರ ಮೇಲೆ ಬಿಜಿಎಂಐ ಎಂಬ ಮೊಬೈಲ್ ಆಟ ಆಡುತ್ತಾ ಲೈವ್ ಬರುತ್ತಾನೆ. ಅಲ್ಲಿ ಹೋದಾಗೊಮ್ಮೆ ಅವನ ಕೋಣೆಯ ಮೂಲೆಯಲ್ಲಿ ಕೂತು ನೋಡಿದೆ. ಮುಂದೆ ಆಟ ಓಡುವ ಫೋನು. ಪಕ್ಕದಲ್ಲಿ ಅಕ್ಕನ ಹಳೆಯ ಫೋನು, ಅದರಲ್ಲಿ ಅವನದೇ ಲೈವ್, ಸದ್ದು ಬಂದ್ ಮಾಡಿ. ಕಣ್ಣಿನ ಗುರುತಿನ ಪಕ್ಕ 2 ಎಂದು ತೋರಿಸುತ್ತಿತ್ತು. ಒಂದು ಆ ಹಳೆಯ ಫೋನೇ. ಇನ್ನೊಂದು ನನ್ನದು.

‘ಬನ್ನಿ ಬನ್ನಿ, ಯಾರ್ ಬಂದ್ರಿ? ಎಲ್ಲಿಂದ ನೋಡ್ತಿದೀರ? ಚಾಟಲ್ಲಿ ಹೇಳಿ.’ ಹೀಗೆ ಕೇಳಿ ಅವನು ಸುಮ್ಮನಿರುವ ಹಾಗಿಲ್ಲ. ಅವನ ಮಾತು ಸರ್ವರಿಗೆ ಹೋಗಿ, ಅಲ್ಲಿಂದ ನೋಡುವವನ ಫೋನಿಗೆ ಬರುವಷ್ಟರಲ್ಲಿ ಹತ್ತು ಹದಿನೈದು ಸೆಕೆಂಡು ಕಳೆದಿರುತ್ತದೆ. ಉತ್ತರ ಬರುವ ತನಕ ಏನಾದರೂ ಹೇಳುತ್ತಲೇ ಇರಬೇಕು. ಬಾಗಿಲ ಬಳಿ ಅಕ್ಕ ನಿಂತು, ‘ಯಾರ ಹತ್ರನೋ ಇಷ್ಟೊತ್ತಲ್ಲಿ ಮಾತು?’ ಅಂದಳು. ‘ಯಾರೂ ಇಲ್ಲಮ್ಮ, ಲೈವು’ ಅಂದ. ನಿದ್ದೆ ಬಂತೆಂದು ನಾನು ಏಳಹೋದರೆ ಮೈಕಿಗೆ ಕೈ ಅಡ್ಡ ಇಟ್ಟು, ‘ಮಾಮ, ಒಂದು ಹತ್ತು ನಿಮಿಷ ಇರಿ. ನೀವು ಹೋದ್ರೆ ಒಂದಾಗತ್ತೆ’ ಎಂದು ಪಿಸುಗುಟ್ಟಿದ.

ನಾನೊಬ್ಬ ಎದ್ದರೆ ಅವನ ಪ್ರೇಕ್ಷಕವರ್ಗದಲ್ಲಿ ಶೇ 50ರಷ್ಟು ಕುಸಿತ!

ಆ ಹುಡುಗ ಸುರಿಯುತ್ತಿದ್ದ ಸರಕೂ ಸಣ್ಣದಲ್ಲ. ಸಾಧಾರಣ ಗುಣಮಟ್ಟದ ಲೈವ್‌ಗೆ ಸೆಕೆಂಡಿಗೆ 3 ಮೆಗಾಬಿಟ್ ಎಂದಿಟ್ಟುಕೊಂಡರೆ ಎರಡು ಗಂಟೆಗೆ 2.7 ಜಿಬಿ. ದಿನಕ್ಕೆ 2 ಜಿಬಿಯ ಪ್ಯಾಕ್ ಒಂದೂವರೆ ಗಂಟೆಗೇ ಖಾಲಿ. ಯೂಟ್ಯೂಬಿನ ಸರ್ವರುಗಳು ಅದನ್ನು ಹಿಡಿದು, ಸಣ್ಣ ನೆಟ್‌ವರ್ಕಿಗೊಂದು ದೊಡ್ಡ ನೆಟ್‌ವರ್ಕಿಗೊಂದು ಎಂದು ಹಲವು ಅಳತೆಯ ಪ್ರತಿಗಳನ್ನು ಆ ಕ್ಷಣವೇ ತಯಾರಿಸಿ ಇಡುತ್ತವೆ. ನೋಡುವವರು ಇಬ್ಬರಿದ್ದರೂ ಆ ಏರ್ಪಾಡು ತಪ್ಪದು.

ಆಟದ ಲೈವ್‌ಗೆ ಹೆಸರಾದ ಟ್ವಿಚ್‌ನ ಕಥೆ ಶುರುವಾದದ್ದೂ ಇಂಥದೇ ಒಂಟಿ ಹುಡುಗನಿಂದ. 2007ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜಸ್ಟಿನ್ ಕಾನ್ ತನ್ನ ಟೋಪಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ದಿನದ 24 ಗಂಟೆಯೂ ತನ್ನ ಬದುಕನ್ನು ಜಾಲದಲ್ಲಿ ಬಿಟ್ಟ. ಆ ಜಸ್ಟಿನ್ ಡಾಟ್ ಟಿವಿಯ ಆಟದ ವಿಭಾಗ 2011ರಲ್ಲಿ ಟ್ವಿಚ್ ಆಗಿ ಬೇರೆಯಾಯಿತು, 2014ರಲ್ಲಿ ಅಮೆಜಾನ್ 97 ಕೋಟಿ ಡಾಲರ್ ಕೊಟ್ಟು ಕೊಂಡಿತು. ತಿಂಗಳಿಗೆ 70 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಲೈವ್ ಬರುತ್ತಾರೆ ಎಂದು ಆ ಸಂಸ್ಥೆ ಹೇಳಿಕೊಂಡದ್ದಿದೆ. ಇಂಥ ಜಾಗ 2017ರಲ್ಲಿ, ಸಣ್ಣವರೂ ದುಡಿಯಲಿ ಎಂದು ಮೊದಲ ಮೆಟ್ಟಿಲು ಕಟ್ಟಿದಾಗ ವೀಕ್ಷಕರ ವಿಷಯದಲ್ಲಿ ಎಷ್ಟು ಕೇಳಿತು? ಸರಾಸರಿ ಮೂರು. ಮೂರು ನೂರಲ್ಲ. ಕೋಟಿಗಟ್ಟಲೆ ವೀಕ್ಷಕರ ಅಂಕಿ ಅಂಗೈಯಲ್ಲಿರುವ ಕಂಪನಿಗೆ, ಬಹುಪಾಲು ಮಂದಿ ಮೂರನ್ನೂ ದಾಟುವುದಿಲ್ಲ ಎಂಬುದು ಚೆನ್ನಾಗಿಯೇ ಗೊತ್ತಿದ್ದಿರಬೇಕು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಟ್ವಿಚ್‌ನ ಒಳಗಿನ ಕಡತಗಳು ಸೋರಿದಾಗ ಯಾರಿಗೆ ಎಷ್ಟು ಸಂದಾಯವಾಗಿದೆ ಎಂಬುದು ಬಯಲಾಯಿತು. ವಾಲ್ ಸ್ಟ್ರೀಟ್ ಜರ್ನಲ್ ಕೂತು ಲೆಕ್ಕ ಮಾಡಿದಾಗ ಮೇಲಿನ ಶೇ 1ರಷ್ಟು ಮಂದಿಗೆ ಅರ್ಧಕ್ಕಿಂತ ಹೆಚ್ಚು ಹಣ ಹೋಗಿತ್ತು. ಇದನ್ನು ಓದಿ ಆಶ್ಚರ್ಯಪಟ್ಟವರನ್ನು ಕಂಡೇ ನನಗೆ ಆಶ್ಚರ್ಯವಾಯಿತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಒಂದು: ಎಲ್ಲ ಅಂಕಿಗಳೂ ಒಂದೇ ನಾಣ್ಯದಲ್ಲಿಲ್ಲ. ಪಾಲು ಪಡೆಯಲು ಯೂಟ್ಯೂಬ್ ಇನ್ನೊಂದು ದಾರಿಯನ್ನೂ ಇಟ್ಟಿದೆ. 4,000 ಗಂಟೆ ಆಗದಿದ್ದರೆ 90 ದಿನಗಳಲ್ಲಿ ಶಾರ್ಟ್ಸ್‌ಗೆ, ಅಂದರೆ ಕಿರುವಿಡಿಯೊಗಳಿಗೆ, ಒಂದು ಕೋಟಿ ವ್ಯೂಸ್ ಬರಲಿ, ಅದೂ ನಡೆಯುತ್ತದೆ. ಅವಧಿ ಬೇರೆ ನಿಜ. ಆದರೂ ಎರಡನ್ನೂ ತಕ್ಕಡಿಗೆ ಹಾಕಿದವರು ಅವರೇ ಆದ್ದರಿಂದ ವಿನಿಮಯ ದರ ಕಂಡುಹಿಡಿಯಬಹುದು: 4,000 ಗಂಟೆ ಎಂದರೆ 1 ಕೋಟಿ 44 ಲಕ್ಷ ಸೆಕೆಂಡು. ಒಂದು ಶಾರ್ಟ್ಸ್ ವ್ಯೂಗೆ ಯೂಟ್ಯೂಬ್ ಕಟ್ಟಿದ ಬೆಲೆ ಒಂದೂವರೆ ಸೆಕೆಂಡಿನ ನೋಟಕ್ಕಿಂತ ಸ್ವಲ್ಪ ಕಡಿಮೆ. 2025ರ ಮಾರ್ಚ್ ಕೊನೆಯಿಂದಂತೂ ಶಾರ್ಟ್ಸ್ ಕಣ್ಣೆದುರು ಓಡಲು ಶುರುವಾದರೇ ಒಂದು ವ್ಯೂ. ಹೆಬ್ಬೆರಳು ತಕ್ಷಣ ಮೇಲೆ ತಳ್ಳಿದರೂ ಹೊರಗೆ ಕಾಣುವ ಲೆಕ್ಕಕ್ಕೆ ಸೇರಿತು, ಪಾಲಿನ ಅರ್ಹತೆಗೆ ಮಾತ್ರ ಅಂಥ ವ್ಯೂ ಎಣಿಕೆಯಾಗದು. ಈ ದರದಲ್ಲಿ ಎರಡು ಗಂಟೆ ಪೂರಾ ಕೂತು ಲೈವ್ ನೋಡಿದ ಒಬ್ಬನ ಬೆಲೆ ಐದು ಸಾವಿರ ಶಾರ್ಟ್ಸ್ ವ್ಯೂಸ್. ಮೂವರಿದ್ದರೆ ಹದಿನೈದು ಸಾವಿರ. ಅದೇ ಹುಡುಗ ಶಾರ್ಟ್ಸ್‌ಗೆ ಹದಿನೈದು ಸಾವಿರ ವ್ಯೂಸ್ ಬಂದರೆ ಊರಿಗೆಲ್ಲ ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಲೈವ್‌ನಲ್ಲಿ ಮೂವರು ಕೂತರೆ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ.

ಆ 667 ದಿನದ ಲೆಕ್ಕವನ್ನೇ ತಿರುಗಿಸಿ ನೋಡಿ. ದಿನಾ ಎರಡು ಗಂಟೆ, ವರ್ಷವಿಡೀ, ಸರಾಸರಿ ಎಷ್ಟು ಜನ ಕೂತರೆ 4,000 ತುಂಬುತ್ತದೆ? ಆರು ಜನ. 380 ಗಂಟೆ ಮಿಕ್ಕುತ್ತದೆ. 80 ಲಕ್ಷ ಜನ ಎರಡು ಸೆಕೆಂಡಿನಲ್ಲಿ ಮಾಡಿದ್ದನ್ನು ಆರು ಜನ ಒಂದು ವರ್ಷದಲ್ಲಿ ಮಾಡುತ್ತಾರೆ. ಗಂಟೆಗಳ ಮಟ್ಟಿಗೆ ಮೂರರಿಂದ ಆರಕ್ಕೆ ಹೋಗುವುದಷ್ಟೇ ಬೇಕಾದದ್ದು, ಒಂದೇ ಒಂದು ಇಮ್ಮಡಿ. (ಲೈವ್ ಮುಗಿದ ಮೇಲೆ ಆ ವಿಡಿಯೊವನ್ನು ಅಳಿಸಬೇಡಿ, ಖಾಸಗಿಯಾಗಿಯೂ ಇಡಬೇಡಿ, ಸಾರ್ವಜನಿಕವಾಗಿ ಉಳಿದದ್ದು ಮಾತ್ರ ಗಂಟೆಗಳ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಮಕ್ಕಳು ಮಾತು ತಡವರಿಸಿತೆಂದು ನಾಚಿಕೊಂಡು ಅಳಿಸಿ, ದುಡಿದ ಗಂಟೆ ಕಳೆದುಕೊಳ್ಳುತ್ತಾರೆ.)

ಎರಡು: ಇಂಥ ಅಗಾಧದಲ್ಲಿ ಕೂಡುವ ಲೆಕ್ಕ ಹಾಕಬಾರದು, ಇಮ್ಮಡಿಯ ಲೆಕ್ಕ ಹಾಕಬೇಕು. ಒಬ್ಬ ಇಬ್ಬರಾಗುವುದು ಒಂದು ಇಮ್ಮಡಿ, ಇಬ್ಬರು ನಾಲ್ವರಾಗುವುದು ಇನ್ನೊಂದು, ನಾಲ್ವರು ಎಂಟಾಗುವುದು ಮತ್ತೊಂದು. ಭೂಮಿಯ ಮೇಲಿನ ಅಷ್ಟೂ ಮನುಷ್ಯರನ್ನು ಮುಟ್ಟಲು ಎಷ್ಟು ಇಮ್ಮಡಿ ಬೇಕು? ಬರೀ 33.

ಮಿಸ್ಟರ್ ಬೀಸ್ಟ್ ಎಂದು ಹೆಸರಾದ ಅಮೆರಿಕದ ಜಿಮ್ಮಿ ಡೊನಾಲ್ಡ್‌ಸನ್ 2012ರಲ್ಲಿ, ಹದಿಮೂರರ ಪ್ರಾಯದಲ್ಲಿ, ವಿಡಿಯೊ ಹಾಕಲು ಶುರು ಮಾಡಿದ. 2016ರ ನಡುವಿನ ಹೊತ್ತಿಗೆ ಅವನ ಸಬ್‌ಸ್ಕ್ರೈಬರ್‌ಗಳು ಸುಮಾರು 30 ಸಾವಿರ. 2017ರ ಜನವರಿಯಲ್ಲಿ ಕ್ಯಾಮೆರಾ ಮುಂದೆ ಕೂತು ಒಂದರಿಂದ ಒಂದು ಲಕ್ಷದವರೆಗೆ ಬಾಯಿಬಿಟ್ಟು ಎಣಿಸಿದ. ಸುಮಾರು 40 ಗಂಟೆ ಹಿಡಿಯಿತು, ಯೂಟ್ಯೂಬಿನ ಮಿತಿಗೆ ಒಗ್ಗಿಸಲು ಕೆಲವು ಭಾಗ ವೇಗವಾಗಿ ಓಡಿಸಬೇಕಾಯಿತು. ಅದು ಓಡಿತು, ಅವನೂ ಓಡಿದ. 2024ರ ಜೂನ್ 2ರಂದು 26.6 ಕೋಟಿ ಸಬ್‌ಸ್ಕ್ರೈಬರ್‌ಗಳೊಂದಿಗೆ ನಮ್ಮ ಟಿ–ಸೀರೀಸನ್ನು ಹಿಂದೆ ಹಾಕಿ ಜಗತ್ತಿನ ಮೊದಲ ಸ್ಥಾನಕ್ಕೆ ಬಂದ.

ಈ 26.6 ಕೋಟಿಯನ್ನು ಇಮ್ಮಡಿಗೆ ಇಳಿಸಿದರೆ 28. ಅದರಲ್ಲಿ 30 ಸಾವಿರಕ್ಕೆ ಬರುವಷ್ಟರಲ್ಲೇ 15 ಮುಗಿದಿದ್ದವು. ಆ ಬಳಿಕದ ಎಂಟು ವರ್ಷದ ಆರ್ಭಟ, ಲಕ್ಷಾಂತರ ಡಾಲರಿನ ಬಹುಮಾನ, ಜಗತ್ತಿನ ಬಾಯಲ್ಲೆಲ್ಲ ಹೆಸರು, ಅದೆಲ್ಲಾ ಸೇರಿ 13. ಅಂದರೆ ಯಾರೂ ಅವನ ಹೆಸರು ಕೇಳಿರದ ಆ ನಾಲ್ಕು ಚಿಲ್ಲರೆ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಿತ್ತು. ಕೋಟಿಗೊಬ್ಬ ಹೀಗಾಗುತ್ತಾನೆ, ಒಪ್ಪಿದೆ. ಆದರೆ ಮೊದಲ ಎಂಟು ಜನರನ್ನು ಸಂಪಾದಿಸಿದವನು ಮೂರು ಇಮ್ಮಡಿ ದಾಟಿದ್ದಾನೆ ಎಂಬ ಲೆಕ್ಕ ಎಲ್ಲರಿಗೂ ಒಂದೇ.

ಕೆಳಗಿನ ಈ ಇಮ್ಮಡಿಗಳನ್ನು ಯಂತ್ರ ಮಾಡಿಕೊಡುವುದಿಲ್ಲ. ಯೂಟ್ಯೂಬಿನಲ್ಲಿ ಜನ ಕಳೆಯುವ ಹೊತ್ತಿನ ಶೇ 70ರಷ್ಟು ಅದು ತಾನಾಗಿ ಸೂಚಿಸುವ ವಿಡಿಯೊಗಳಿಂದಲೇ ಬರುತ್ತದೆ ಎಂದು ಕಂಪನಿಯ ನೀಲ್ ಮೋಹನ್ 2018ರಲ್ಲಿ ಹೇಳಿದ್ದರು. ಆದರೆ ಸೂಚಿಸಲು ಅದಕ್ಕೆ ಹಿಂದಿನ ಮಾಹಿತಿ ಬೇಕು. ಇಬ್ಬರು ನೋಡಿದ ಲೈವ್‌ನಲ್ಲಿ ಅದಕ್ಕೆ ಕಲಿಯಲು ಏನಿದೆ? ಟ್ವಿಚ್‌ನಲ್ಲಂತೂ ಹೆಚ್ಚು ಜನರಿರುವ ಚಾನೆಲ್‌ಗಳೇ ಬಹುಕಾಲ ಪಟ್ಟಿಯ ಮೇಲಿರುತ್ತಿದ್ದವು; ತಳದವನನ್ನು ಹುಡುಕಿ ಇಳಿದು ಬರುವ ಪುಣ್ಯಾತ್ಮರು ಅಪರೂಪ. ಹಾಗಾಗಿ ಮೊದಲ ಹತ್ತು ಹದಿನೈದು ಜನರನ್ನು ಕೈಯಾರೆ ತರಬೇಕು. ಹೇಳಿದ ಹೊತ್ತಿಗೆ ಹಾಜರಿರಬೇಕು, ಬಂದವನ ಹೆಸರು ಹಿಡಿದು ಮಾತಾಡಿಸಬೇಕು, ಎರಡು ಗಂಟೆಯಲ್ಲಿ ನಗು ಬಂದ ಅರ್ಧ ನಿಮಿಷವನ್ನು ಕತ್ತರಿಸಿ ಶಾರ್ಟ್ಸ್ ಮಾಡಬೇಕು, ತನ್ನಷ್ಟೇ ಸಣ್ಣವರ ಲೈವ್‌ಗೆ ಹೋಗಿ ನಿಜವಾಗಿ ಕೂತು ನೋಡಬೇಕು. ಈ ಕೊನೆಯದಕ್ಕೇ ಫಲ ಹೆಚ್ಚು. ಲೈವ್ ಮುಗಿಸುವಾಗ ತನ್ನ ವೀಕ್ಷಕರನ್ನು ಹಾಗೇ ಇನ್ನೊಬ್ಬನ ಚಾನೆಲ್ಲಿಗೆ ಕಳಿಸುವ ಏರ್ಪಾಡಿಗೆ ಸ್ಟ್ರೀಮರ್‌ಗಳು ರೇಡ್ ಅನ್ನುತ್ತಾರೆ. ಮೂವರು ಕೂತಿರುವ ಕಡೆ ಪರಿಚಯದವನೊಬ್ಬ ತನ್ನ ಮೂವತ್ತು ಜನರೊಂದಿಗೆ ದಾಳಿಯಿಟ್ಟರೆ ಮೂರೂವರೆ ಇಮ್ಮಡಿ ಒಂದೇ ಏಟಿಗೆ. ಮರುದಿನ ಅವರಲ್ಲಿ ಮೂವರು ಉಳಿದರೂ ಒಂದು ಇಮ್ಮಡಿ ಕೈಯಲ್ಲುಳಿಯಿತು.

ಕನ್ನಡದ ಹುಡುಗರಿಗೆ ಇನ್ನೊಂದು ಉಪದೇಶ ಪುಕ್ಕಟೆ ಸಿಗುತ್ತದೆ: ‘ಕನ್ನಡದಲ್ಲಿ ಮಾಡಿದ್ರೆ ಎಷ್ಟು ಜನ ನೋಡ್ತಾರೆ? ಹಿಂದಿಯಲ್ಲಿ ಮಾಡು.’ 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4.37 ಕೋಟಿ, ಹಿಂದಿಯವರು 52.8 ಕೋಟಿ. ಹನ್ನೆರಡು ಪಟ್ಟು ಎಂದಾಗ ಉಪದೇಶ ಸರಿ ಎನಿಸುತ್ತದೆ. ಇಮ್ಮಡಿಯಲ್ಲಿ ಎಣಿಸಿದರೆ ಕನ್ನಡದ ಛಾವಣಿ 25ರ ಮೇಲಿದೆ, ಹಿಂದಿಯದು 29. ಮೂರೂವರೆ ಇಮ್ಮಡಿಯ ವ್ಯತ್ಯಾಸಕ್ಕಾಗಿ, ಇನ್ನೂ ಎರಡನೆಯ ಇಮ್ಮಡಿಯಲ್ಲಿ ಒದ್ದಾಡುತ್ತಿರುವ ಹುಡುಗ ತನಗೆ ನಗೆಚಟಾಕಿ ಹಾರಿಸಲು ಬರುವ ಒಂದೇ ಭಾಷೆಯನ್ನು ಬಿಡಬೇಕಂತೆ! ‘ನಮಸ್ಕಾರ ದೇವ್ರು’ ಎಂದು ಅಚ್ಚಗನ್ನಡದಲ್ಲಿ ಕರೆಯುತ್ತಾ ದೇಶ ದೇಶ ಸುತ್ತಿದ ಡಾ. ಬ್ರೊ, ಅಂದರೆ ಗಗನ್ ಶ್ರೀನಿವಾಸ್, 20 ಲಕ್ಷ ಸಬ್‌ಸ್ಕ್ರೈಬರ್‌ಗಳನ್ನು ದಾಟಿ ಹೋದರು. ಅದು 21ನೇ ಇಮ್ಮಡಿ. ಕನ್ನಡದ ಛಾವಣಿಗೆ ಅವರ ತಲೆಯೂ ತಾಗಿಲ್ಲ.

ತುಳು ತಾಯ್ನುಡಿಯವರು ಅದೇ ಗಣತಿಯಲ್ಲಿ 18.5 ಲಕ್ಷ: 21ಕ್ಕೆ ಚೂರು ಕಡಿಮೆ. ಕರಾವಳಿಯಲ್ಲಿ ಕಂಬಳ, ಯಕ್ಷಗಾನ, ಬ್ರಹ್ಮಕಲಶ ಎಲ್ಲವೂ ಲೈವ್ ಹೋಗುವುದನ್ನು ನೋಡಿದರೆ ಆ ಕಡೆಯವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದಂತಿದೆ. ಕೊಡವ ಭಾಷೆಯವರು ಬರೀ 1,13,857. ಅದೂ 17ರ ಹತ್ತಿರ ಬರುತ್ತದೆ, 2016ರ ಮಿಸ್ಟರ್ ಬೀಸ್ಟ್ ನಿಂತಿದ್ದ ಜಾಗಕ್ಕಿಂತ ಎರಡು ಮೇಲೆ.